ಲ್ಯಾಟಿನ್ ಹಾಡಲು ಕೆರೊಲಿನಾಕ್ಕೆ

ಅಮೆರಿಕಕ್ಕೆ ಹೋಗಿ ಬಂದವರನ್ನು ಜನ ಮೊದಲು ಕೇಳುವುದು ಏನೇನು ನೋಡಿದಿರಿ ಎಂದು. ನಾನು ಹೋದದ್ದು ಕೇಳುವುದಕ್ಕೆ, ಆಮೇಲೆ ಹಾಡುವುದಕ್ಕೆ. ನೋಡಿದ್ದು ಬಹಳ ಕಡಿಮೆ. ಕೇಳಿದ್ದರಲ್ಲಿ ಒಂದಿಷ್ಟು ಇನ್ನೂ ಕಿವಿಯೊಳಗೆ ಕುಟುಕುತ್ತದೆ. ಅದನ್ನೇ ಬರೆಯುತ್ತೇನೆ.

ನನ್ನ ಹೆಸರು ಸೆಲಿನ್. ಮೈಸೂರಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ಸಂಗೀತದ ಟೀಚರ್. ಭಾನುವಾರ ನಮ್ಮ ಚರ್ಚಿನ ಗಾನವೃಂದವನ್ನು ನಡೆಸುತ್ತೇನೆ. ಸಂಗೀತದ ಟೀಚರ್ ಎಂದರೆ ನಮ್ಮೂರಿನಲ್ಲಿ ಜನ ವೀಣೆಯನ್ನೋ ಪಿಟೀಲನ್ನೋ ನೆನೆಯುತ್ತಾರೆ. ನಾನು ಕಲಿತದ್ದು ಪಿಯಾನೊ ಮತ್ತು ಲ್ಯಾಟಿನ್ ಸ್ತುತಿಗಳು. ಕಲಿಸಿದವರು ಫ್ರಾನ್ಸಿನಿಂದ ಬಂದು ಮೈಸೂರಿನಲ್ಲೇ ಮಣ್ಣಾದ ಒಬ್ಬ ಮುದಿ ಕನ್ಯಾಸ್ತ್ರೀ. ನಾವು ಅವರನ್ನು ಮದರ್ ಎನ್ನುತ್ತಿದ್ದೆವು. ನನ್ನ ಅಜ್ಜ, ಅಜ್ಜನ ಅಪ್ಪ, ಅದಕ್ಕೂ ಹಿಂದಿನವರು ಪೂಜೆಯಲ್ಲಿ ಲ್ಯಾಟಿನ್ನಿನಲ್ಲೇ ಹಾಡಿದವರು. ಅರ್ಥ ಗೊತ್ತಿತ್ತೋ ಇಲ್ಲವೋ, ರಾಗ ಮಾತ್ರ ಗೊತ್ತಿತ್ತು. ಅರವತ್ತರ ದಶಕದಲ್ಲಿ ಪೂಜೆ ಕನ್ನಡಕ್ಕೆ ಬಂದ ಮೇಲೆ ಆ ಸ್ತುತಿಗಳು ಹಬ್ಬಕ್ಕೊಂದು, ಸಾವಿಗೊಂದು ಎಂಬಂತಾದವು.

ಡಾಕ್ಟರ್ ಹಾರ್ಲನ್ ಎಂಬ ಅಮೆರಿಕದ ಸಂಗೀತ ಪ್ರಾಧ್ಯಾಪಕರು ಅರಮನೆ ನೋಡಲು ಮೈಸೂರಿಗೆ ಬಂದವರು, ಒಂದು ಭಾನುವಾರ ನಮ್ಮ ಚರ್ಚಿಗೂ ಬಂದರು. ನಮ್ಮ ಹುಡುಗಿಯರು ನಾಲ್ಕು ದನಿ ಕೂಡಿಸಿ ಹಾಡಿದ್ದನ್ನು ಕೇಳಿ ಪೂಜೆ ಮುಗಿದ ಮೇಲೂ ಕೂತೇ ಇದ್ದರು. ನಾರ್ತ್ ಕೆರೊಲಿನಾದ ಬೆಟ್ಟಗಳ ನಡುವೆ ಒಂದು ಕಾಲೇಜಿನಲ್ಲಿ ಅವರು ಬೇಸಿಗೆ ಶಿಬಿರ ನಡೆಸುತ್ತಿದ್ದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹುಟ್ಟಿ ಬೆಳೆದ ಬಗೆಯನ್ನು ಎರಡು ವಾರ ಪಾಠ ಮಾಡಿ, ಕೊನೆಯ ದಿನ ಅದೇ ಕ್ರಮದಲ್ಲಿ ಹಾಡಿ ತೋರಿಸುವುದು. "ಕಛೇರಿಯ ಮೊದಲ ಹಾಡು ಒಂಟಿ ದನಿಯ ಲ್ಯಾಟಿನ್ ಸ್ತುತಿ. ನೀವು ಬಂದರೆ ಅದು ನಿಮ್ಮದು," ಎಂದು ಹೇಳಿ ಹೋದರು. ಇಂಥ ಮಾತನ್ನು ಯಾರು ನಂಬುತ್ತಾರೆ? ಆದರೆ ತೊಂಬತ್ತೈದರಲ್ಲಿ ನಿಜವಾಗಿಯೂ ಕರೆ ಬಂತು. ಮೊದಲು ವಾಷಿಂಗ್ಟನ್ ಬಳಿ ಇರುವ ಚಿಕ್ಕಪ್ಪನ ಮಗಳ ಮನೆ, ಅಲ್ಲಿಂದ ಅಟ್ಲಾಂಟಾದಲ್ಲಿರುವ ಹಳೆಯ ಶಿಷ್ಯೆಯ ಮನೆ, ಆಮೇಲೆ ಶಿಬಿರ ಎಂದು ಗೊತ್ತುಮಾಡಿಕೊಂಡು ಹೊರಟೆ.

ಸಿಲ್ವರ್ ಸ್ಪ್ರಿಂಗ್

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ಅಧಿಕಾರಿಗೆ ಸೀರೆಗಳ ಮಧ್ಯೆ ನನ್ನ ಟ್ಯೂನಿಂಗ್ ಫೋರ್ಕ್ ಸಿಕ್ಕಿತು. ಸ್ವರ ಹಿಡಿಯಲು ತಟ್ಟುವ ಉಕ್ಕಿನ ಕವೆ ಅದು. ತಿರುಗಿಸಿ ತಿರುಗಿಸಿ ನೋಡಿದ. ತಟ್ಟಿದರೆ ಸ್ವರ ಬರುತ್ತದೆ ಎಂದೆ. ಮೇಜಿನ ಅಂಚಿಗೆ ತಟ್ಟಿ ಕಿವಿಗಿಟ್ಟುಕೊಂಡ.

"ಇಂಡಿಯಾದಲ್ಲೂ ಇದೇ ಸ್ವರ ಇದೆಯಾ?" ಎಂದು ಕೇಳಿದ.

ಇದೇ ಇದೆ ಎಂದೆ. ಅವನು ನಕ್ಕು ಪೆಟ್ಟಿಗೆ ಮುಚ್ಚಿದ. ನಾನೂ ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ಚಿಕ್ಕಪ್ಪನ ಮಗಳು ರೋಸ್‌ಮೇರಿ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಬಂದ ಮೊದಲ ಭಾನುವಾರವೇ ತನ್ನ ಚರ್ಚಿಗೆ ಕರೆದುಕೊಂಡು ಹೋದಳು. ಕಟ್ಟಡ ಚೆನ್ನಾಗಿತ್ತು. ಮೆತ್ತನೆಯ ಬೆಂಚು, ತಣ್ಣನೆಯ ಗಾಳಿ, ಮೇಲೆ ಗೋಡೆಯ ಉದ್ದಕ್ಕೂ ಪೈಪ್ ಆರ್ಗನ್. ನಾನು ಹುಟ್ಟಿದಂದಿನಿಂದ ಅಂಥ ಆರ್ಗನ್ನಿನ ಚಿತ್ರವನ್ನು ಮಾತ್ರ ಕಂಡಿದ್ದೆ. ನಮ್ಮಲ್ಲಿರುವುದು ಕಾಲಲ್ಲಿ ತಿದಿ ಒತ್ತುವ ಪೆಟ್ಟಿಗೆ. ಇಲಿ ಕಡಿದ ಜಾಗಕ್ಕೆ ಕ್ಯಾನ್ವಾಸ್ ತೇಪೆ ಹಾಕಿದ್ದೇವೆ. ಇವತ್ತು ನಿಜವಾದದ್ದನ್ನು ಕೇಳುತ್ತೇನೆ ಎಂದು ನೆಟ್ಟಗೆ ಕೂತೆ.

ಆರ್ಗನ್ ಯಾರೂ ಮುಟ್ಟಲಿಲ್ಲ. ಇಬ್ಬರು ಗಿಟಾರ್, ಒಬ್ಬ ಡ್ರಮ್. ಮುಂದೆ ನಿಂತ ಹೆಂಗಸು ಎಲ್ಲರೂ ಹಾಡಿ ಎಂದು ಎರಡೂ ಕೈ ಎತ್ತಿ ಎತ್ತಿ ಕರೆದಳು. ಯಾರೂ ಬಾಯಿ ತೆರೆಯಲಿಲ್ಲ. ನಾನು ಅಭ್ಯಾಸ ಬಲದಿಂದ ಎರಡನೆಯ ದನಿ ಹಿಡಿದು ಹಾಡತೊಡಗಿದೆ. ಮುಂದಿನ ಬೆಂಚಿನವರು ತಿರುಗಿ ನೋಡಿದರು.

"ಇಲ್ಲಿ ಜನ ಹಾಡಲ್ಲ ಅಕ್ಕ," ಎಂದಳು ರೋಸ್‌ಮೇರಿ, ಮೆಲ್ಲಗೆ. "ಬೇಗ ಮುಗ್ಸಿ ಪಾರ್ಕಿಂಗ್ ಲಾಟಿಂದ ಕಾರ್ ತೆಗೀಬೇಕು, ಅಷ್ಟೇ."

ಪೂಜೆಯಾದ ಮೇಲೆ ಗಿಟಾರಿನವನ ಹತ್ತಿರ ಹೋಗಿ, ಲ್ಯಾಟಿನ್ ಸ್ತುತಿಗಳನ್ನು ಯಾವಾಗ ಹಾಡುತ್ತೀರಿ ಎಂದು ವಿಚಾರಿಸಿದೆ. ಒಳ್ಳೆಯ ಮನುಷ್ಯ. ಅದೆಲ್ಲ ಈಗ ಸಿಡಿಯಲ್ಲಿ ಸಿಗುತ್ತದೆ, ತುಂಬ ಓಡುತ್ತಿದೆ, ಯಾವ ಅಂಗಡಿಯಲ್ಲಾದರೂ ಕೇಳಿ ಎಂದ. ಮಾರನೆಯ ದಿನ ಮಾಲ್‌ನಲ್ಲಿ ನೋಡಿದೆ. ಸನ್ಯಾಸಿಗಳ ಹಾಡಿನ ಸಿಡಿಗಳನ್ನು ಸುವಾಸನೆಯ ಮೇಣದ ಬತ್ತಿ ಮತ್ತು ಸ್ನಾನದ ಎಣ್ಣೆಗಳ ಪಕ್ಕ ಜೋಡಿಸಿದ್ದರು. ತಲೆನೋವಿಗೆ, ನಿದ್ದೆಗೆ ಒಳ್ಳೆಯದಂತೆ. ಸಾವಿರ ವರ್ಷ ದೇವರಿಗೆ ಹಾಡಿದ್ದು ಕೊನೆಗೆ ಅಮೃತಾಂಜನದ ಸಾಲಿಗೆ ಬಂದು ನಿಂತಿತ್ತು.

ವಾಷಿಂಗ್ಟನ್

ರೋಸ್‌ಮೇರಿ ಪಾಳಿ ಬದಲಿಸಿಕೊಂಡು ನನ್ನನ್ನು ಊರೊಳಗೆ ಒಂದು ದೊಡ್ಡ ಸಭಾಂಗಣಕ್ಕೆ ಕರೆದೊಯ್ದಳು. ಸಿಂಫನಿ ಕೇಳಿಸಬೇಕೆಂದು ಅವಳಿಗೆ ಬಹಳ ಆಸೆ. ತಾನು ಮಾತ್ರ ಮೊದಲ ಭಾಗ ಮುಗಿಯುವ ಮುಂಚೆಯೇ ನಿದ್ದೆ ಹೋದಳು. ಹಿಂದಿನ ರಾತ್ರಿ ಡ್ಯೂಟಿ ಮಾಡಿ ಬಂದವಳು, ಅವಳನ್ನು ಅನ್ನುವ ಹಾಗಿಲ್ಲ.

ನನ್ನ ಇನ್ನೊಂದು ಪಕ್ಕದಲ್ಲಿ ಬೋ ಟೈ ಕಟ್ಟಿದ ಒಬ್ಬ ಹಿರಿಯರು. "ಮೊದಲ ಸಲವೇ?" ಎಂದು ವಿಚಾರಿಸಿದರು. ಎದುರಿಗೆ ಕೂತು ಕೇಳುವುದು ಮೊದಲ ಸಲವೇ ಆದ್ದರಿಂದ ಹೌದು ಎಂದೆ. ಅವರು ಸಂತೋಷದಿಂದ ನನ್ನ ಕಡೆ ತಿರುಗಿ ಕೂತರು. ಎಡಗಡೆ ಇರುವ ಸಣ್ಣವು ವಯೊಲಿನ್, ಬಲತುದಿಯ ದೊಡ್ಡವು ಬಾಸ್, ಹಿಂದೆ ಹೊಳೆಯುವುದು ಹಿತ್ತಾಳೆಯವು, ಕೋಲು ಹಿಡಿದವನು ಎಲ್ಲರನ್ನೂ ನಡೆಸುವವನು. ನಾಲ್ಕು ಭಾಗ ಇರುತ್ತದೆ, ನಡುನಡುವೆ ಚಪ್ಪಾಳೆ ತಟ್ಟಬಾರದು. "ನಿಮ್ಮಲ್ಲಿ ಸಿತಾರ್ ಅಲ್ಲವೇ?" ಎಂದೂ ಕೇಳಿದರು. ಅವತ್ತು ನುಡಿಸಲಿದ್ದ ಕೃತಿಯ ನಾಲ್ಕು ಭಾಗಗಳನ್ನೂ ನಾನು ಪಿಯಾನೊ ಮೇಲೆ ಬಾಯಿಪಾಠವಾಗಿ ನುಡಿಸಬಲ್ಲೆ. ಥ್ಯಾಂಕ್ಸ್ ಎಂದೆ.

ಶುರುವಾಯಿತು. ಗ್ರಾಮಾಫೋನ್, ಆಮೇಲೆ ಕ್ಯಾಸೆಟ್, ಇವುಗಳಿಂದಲೇ ನಾನು ಸಿಂಫನಿ ಕಲಿತದ್ದು, ಕಲಿಸಿದ್ದು. ಬಾಸ್‌ಗಳ ನಾದ ಕಿವಿಗೆ ಬರುವುದಕ್ಕಿಂತ ಮೊದಲು ಕುರ್ಚಿಯಿಂದ ಬೆನ್ನಿಗೆ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೆಲುವಾಗಿ ನುಡಿಸುವ ಕಡೆ ಅಷ್ಟೂ ಪಿಟೀಲುಗಳು ಸೇರಿ ಒಬ್ಬ ಮನುಷ್ಯನ ಉಸಿರಿನಷ್ಟೇ ಸದ್ದು ಮಾಡುತ್ತವೆ. ಅದೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ನನ್ನ ಹುಡುಗಿಯರಿಗೆ ಹಬ್ಬದೂಟದ ಫೋಟೊ ತೋರಿಸಿ ರುಚಿ ವರ್ಣಿಸಿದ್ದೆ. ಸಂತೋಷದ ಬದಲು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮೂರನೆಯ ಭಾಗ ಅಬ್ಬರದಿಂದ ನಿಂತಾಗ ಪಕ್ಕದ ಹಿರಿಯರು ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

"ಹುರುಪಿನಲ್ಲಿ ಆಗಿಬಿಡುತ್ತದೆ," ಎಂದು ಅವರು ನನಗೆ ಸಮಾಧಾನ ಹೇಳಿದರು.

ನಾರ್‌ಕ್ರಾಸ್

ಮುಂದಿನ ವರ್ಷ ಒಲಿಂಪಿಕ್ಸ್ ಎಂದು ಅಟ್ಲಾಂಟಾವನ್ನು ಎಲ್ಲಿ ನೋಡಿದರಲ್ಲಿ ಅಗೆದು ಹಾಕಿದ್ದರು. ನನ್ನ ಶಿಷ್ಯೆ ವಸುಧಾ ವಿಮಾನ ನಿಲ್ದಾಣದಿಂದ ಊರಾಚೆ ನಾರ್‌ಕ್ರಾಸ್‌ನಲ್ಲಿರುವ ತನ್ನ ಮನೆಗೆ ಬರುವಷ್ಟರಲ್ಲಿ ಎರಡು ಸಲ ದಾರಿ ತಪ್ಪಿದಳು. ಮೈಸೂರಿನಲ್ಲಿ ಅವಳು ನನ್ನ ಶಾಲೆಯ ಹುಡುಗಿ. ಅಗ್ರಹಾರದ ವೈದಿಕರ ಮನೆಯವಳು. ಮನೆಯವರಿಗೆ ತಿಳಿಯದಂತೆ ನನ್ನ ಗಾನವೃಂದದಲ್ಲಿ ಆಲ್ಟೊ, ಅಂದರೆ ಹೆಂಗಸರ ತಗ್ಗು ದನಿ, ಹಾಡುತ್ತಿದ್ದಳು. ಅಂಥ ಕಿವಿ ನನಗೆ ಮತ್ತೆ ಸಿಕ್ಕಿಲ್ಲ.

ಅವಳ ಮಗಳು ಮೇಘಾ ಪಿಯಾನೊ ಕಲಿಯುತ್ತಿದ್ದಳು. ಹೆಬ್ಬೆರಳು ತಪ್ಪು ಕಡೆ ಬರುತ್ತಿದ್ದುದನ್ನು ಕಂಡು ಪಕ್ಕ ಕೂತು ನುಡಿಸಿ ತೋರಿಸಿದೆ. ಮಗು ಕಣ್ಣರಳಿಸಿತು. "ಅಜ್ಜಿ, ಯು ನೋ ಪಿಯಾನೊ? ಇನ್ ಇಂಡಿಯಾ?"

ಆ ಶನಿವಾರ ಸಂಜೆ ಅಲ್ಲಿಯ ಕನ್ನಡಿಗರ ಕೂಟ. ವಸುಧಾ ಮೊದಲೇ ಮಾತಾಡಿ ನನಗೆ ಕಾಲು ಗಂಟೆ ಕೊಡಿಸಿದ್ದಳು. ಆ ಕಾಲು ಗಂಟೆಗೆ ನಾವಿಬ್ಬರೂ ಚೆನ್ನಾಗಿ ತಯಾರಿ ಮಾಡಿದೆವು. ಮೊದಲು ನಾನೊಬ್ಬಳೇ ಒಂದು ಸಾಲು ಹಾಡುವುದು. ಮೊದಲ ಸಾವಿರ ವರ್ಷ ಅಷ್ಟೇ ಇತ್ತು, ಒಂದೇ ದನಿ. ಆಮೇಲೆ ವಸುಧಾ ಅದೇ ಸಾಲಿಗೆ ಎರಡನೆಯ ದನಿ ಸೇರಿಸುವುದು. ಆ ಎರಡನೆಯ ದನಿ ಬಂದ ದಿನವೇ ಆ ಸಂಗೀತ ನಮ್ಮ ಸಂಗೀತದಿಂದ ಬೇರೆ ದಾರಿ ಹಿಡಿದದ್ದು. ಆಮೇಲೆ ಮೂರನೆಯದು, ನಾಲ್ಕನೆಯದು ಕೀಬೋರ್ಡಿನಲ್ಲಿ. ಕೇಳುವವರಿಗೆ ಕಣ್ಣ ಮುಂದೆ ಮನೆ ಕಟ್ಟಿದ ಹಾಗೆ ಆಗಬೇಕು ಎಂದುಕೊಂಡಿದ್ದೆ.

ಶನಿವಾರ ಬೆಳಗ್ಗೆ ಕೂಟದ ಕಾರ್ಯದರ್ಶಿ ಪ್ರಕಾಶ್ ಎಂಬವರು ಮನೆಗೆ ಬಂದರು. ವಸುಧಾ ಕಾಫಿ ಕೊಟ್ಟಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಅವರು, "ಆಂಟಿ, ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ," ಎಂದರು.

"ನೀವೂ ಚೆನ್ನಾಗೇ ಮಾತಾಡ್ತೀರಿ," ಎಂದೆ.

ಅವರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. "ಪ್ರೋಗ್ರಾಂ ಸ್ವಲ್ಪ ಟೈಟ್ ಆಗಿದೆ ಆಂಟಿ. ನಿಮ್ಮ ಐಟಂ ಸ್ವಲ್ಪ ಅಡ್ಜಸ್ಟ್ ಮಾಡೋಣ ಅಂತ ಬಂದೆ."

"ಎಷ್ಟು ಕಡಿಮೆ ಮಾಡ್ಲಿ?"

"ಕಡಿಮೆ ಅಂತಲ್ಲ. ಚರ್ಚ್ ಮ್ಯೂಸಿಕ್ ಅಂದ್ರೆ ಕೆಲವ್ರು ತಪ್ಪು ತಿಳ್ಕೋತಾರೆ. ಕನ್ವರ್ಷನ್ ಗಿನ್ವರ್ಷನ್ ಅಂತ ಮಾತು ಬರುತ್ತೆ. ನನಗೆ ಪರ್ಸನಲ್ ಆಗಿ ಏನೂ ಇಲ್ಲ ಆಂಟಿ. ನಾನೂ ಕಾನ್ವೆಂಟಲ್ಲೇ ಓದಿದ್ದು."

"ನಾನು ಹೇಳ್ತಿರೋದು ಸಂಗೀತದ ಚರಿತ್ರೆ ಅಪ್ಪ. ಅದು ಹುಟ್ಟಿದ್ದೇ ಚರ್ಚಲ್ಲಿ. ಬೇರೆ ಕಡೆ ಹುಟ್ತು ಅಂತ ಸುಳ್ಳು ಹೇಳಕ್ಕಾಗುತ್ತಾ?"

"ನನಗೆ ಅರ್ಥ ಆಗುತ್ತೆ ಆಂಟಿ. ಅದಕ್ಕೇ ಒಂದು ಐಡಿಯಾ. ಮಕ್ಕಳ ಗ್ರೂಪ್ ಸಾಂಗ್‌ಗೆ ಕೀಬೋರ್ಡ್ ನುಡಿಸೋರು ಸಿಕ್ಕಿಲ್ಲ. ನೀವು ನುಡಿಸಿಬಿಡಿ. ಎಲ್ರಿಗೂ ಖುಷಿಯಾಗುತ್ತೆ."

ನಾನು ವಸುಧಾಳ ಮುಖ ನೋಡಿದೆ. ಅವಳು ತನ್ನ ಲೋಟದಲ್ಲಿ ಕರಗಿ ಹೋಗಿದ್ದ ಸಕ್ಕರೆಯನ್ನು ಕದಡುತ್ತಿದ್ದಳು.

ಸಂಜೆ ಒಂದು ಶಾಲೆಯ ಊಟದ ಹಾಲಿನಲ್ಲಿ ಮಕ್ಕಳು ಒಂದೇ ದನಿಯಲ್ಲಿ ಹಾಡಿದರು, ನಾನು ಕೀಬೋರ್ಡ್ ನುಡಿಸಿದೆ. ಹಾಡು ಮುಗಿದ ಮೇಲೆ ನನಗೆ ಶಾಲು ಹೊದಿಸಿದರು. ಮೈಕಿನಲ್ಲಿ ನನ್ನನ್ನು ಮೈಸೂರಿನ ಹಿರಿಯ ಕೀಬೋರ್ಡ್ ಕಲಾವಿದೆ ಎಂದು ಪರಿಚಯಿಸಿದರು. ಬಿಸಿಬೇಳೆಬಾತ್ ಮಾತ್ರ ನಮ್ಮೂರಿನದಕ್ಕಿಂತ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಎರಡು ದಿನ ಬಿಟ್ಟು ವಸುಧಾಳೇ ನನ್ನನ್ನು ಶಿಬಿರಕ್ಕೆ ಕಾರಿನಲ್ಲಿ ಕರೆದುಕೊಂಡು ಹೊರಟಳು. ಸೌತ್ ಕೆರೊಲಿನಾದ ಮೂಲೆ ಹಾದು ಹೋಗುವ ಹೆದ್ದಾರಿ. ದಾರಿಯಲ್ಲಿ ಪೀಚ್ ಹಣ್ಣಿನ ತೋಟಗಳು, ಮೈಲಿಗೊಂದು ಚರ್ಚು.

"ಟೀಚರ್, ಬೇಜಾರ್ ಮಾಡ್ಕೊಂಡ್ರಾ?"

"ಇಲ್ಲಮ್ಮ."

"ಪ್ರಕಾಶ್ ಅವ್ರಿಗೆ ನಾನು ಹೇಳ್ಬೇಕಿತ್ತು."

"ಹೇಳ್ಬೇಕಿತ್ತು," ಎಂದೆ.

"ಇಲ್ಲಿ ನಾವು ಎಲ್ರ ಜೊತೆ ಹೊಂದ್ಕೊಂಡು ಇರ್ಬೇಕು ಟೀಚರ್. ಮೇಘಾ ಡ್ಯಾನ್ಸ್ ಕ್ಲಾಸು, ಹಬ್ಬ ಹುಣ್ಣಿಮೆ, ಎಲ್ಲಾ ಅವ್ರ ಜೊತೇನೇ. ನಿಮಗೆ ಗೊತ್ತಾಗಲ್ಲ."

ನನಗೆ ಗೊತ್ತಾಗುತ್ತದೆ ಎಂದು ಹೇಳಬಹುದಿತ್ತು. ಹೊಂದಿಕೊಂಡು ಹೋಗುವುದು ಎಂದರೇನು ಎಂದು ಮೈಸೂರಿನ ಕ್ರೈಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲೇಜಿನ ಬಾಗಿಲಲ್ಲಿ ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಬೆಟ್ಟದ ಕಾಲೇಜು

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಡಾಕ್ಟರ್ ಹಾರ್ಲನ್ ಅವರಂಥ ಮೇಷ್ಟ್ರನ್ನು ಮದರ್ ಅವರ ನಂತರ ನಾನು ಕಂಡಿರಲಿಲ್ಲ. ಬೆಳಗ್ಗೆ ಪಾಠ, ಮಧ್ಯಾಹ್ನ ಅಭ್ಯಾಸ. ಮೊದಲು ಬರವಣಿಗೆಯೇ ಇರಲಿಲ್ಲ ಎಂದರು. ಸನ್ಯಾಸಿಗಳು ಹಗಲು ರಾತ್ರಿಯ ಪ್ರಾರ್ಥನೆಯ ಹಾಡುಗಳನ್ನೆಲ್ಲ ನೆನಪಿನಲ್ಲೇ ಇಟ್ಟುಕೊಂಡಿದ್ದರು, ನಮ್ಮ ವೇದಪಾಠದವರ ಹಾಗೆ. ಆಮೇಲೆ ಅಕ್ಷರಗಳ ಮೇಲೆ ಸಣ್ಣ ಗೀಟುಗಳು ಬಂದವು. ದನಿ ಏರಿತು, ಇಳಿಯಿತು ಎಂದು ತೋರಿಸುವ ಗುರುತು ಅಷ್ಟೇ, ಎಷ್ಟು ಏರಿತು ಎಂಬುದಕ್ಕೆ ಗುರುವೇ ಬೇಕಿತ್ತು. ಇಟಲಿಯ ಒಬ್ಬ ಸನ್ಯಾಸಿ ಅಡ್ಡಗೆರೆಗಳನ್ನು ಎಳೆದು ಪ್ರತಿ ಸ್ವರಕ್ಕೂ ಒಂದು ಮನೆ ಮಾಡಿಕೊಟ್ಟ. ಒಂದು ಸ್ತುತಿಯ ಸಾಲುಗಳ ಮೊದಲ ಅಕ್ಷರಗಳನ್ನು ತೆಗೆದು ಸ್ವರಗಳಿಗೆ ಹೆಸರಿಟ್ಟ. ನಮಗೆ ಸರಿಗಮ ಇದ್ದ ಹಾಗೆ ಅವರಿಗೆ ಅದು. ಗುರುವಿಲ್ಲದೆ ಕಾಗದ ನೋಡಿ ಹಾಡಬಹುದು ಎಂದಾದ ಮೇಲೆ ಒಂದರ ಮೇಲೊಂದು ಬೇರೆ ಬೇರೆ ದನಿಗಳನ್ನು ಹೆಣೆಯುವುದು ಸಾಧ್ಯವಾಯಿತು. ಪ್ಯಾರಿಸ್ಸಿನ ದೊಡ್ಡ ಚರ್ಚಿನಲ್ಲಿ ಎರಡು, ಮೂರು, ನಾಲ್ಕು. ಮುಂದೆ ಅದು ಇಟಲಿಯ ಅರಮನೆಗಳಿಗೆ ಹೋಗಿ ನಾಟಕವಾಯಿತು. ಹಾಡನ್ನು ಬಿಟ್ಟು ಬರೇ ವಾದ್ಯವಾಯಿತು. ಜರ್ಮನಿಯಲ್ಲಿ ಮನೆತುಂಬ ಮಕ್ಕಳಿದ್ದ ಒಬ್ಬ ಚರ್ಚಿನ ಆರ್ಗನ್ ವಾದಕನ ಕೈಯಲ್ಲಿ ಅದರ ವ್ಯಾಕರಣವೆಲ್ಲ ಒಂದು ಕಡೆ ಕೂಡಿತು. ಆಮೇಲೆ ವಿಯೆನ್ನಾ, ಆಮೇಲೆ ಟಿಕೆಟ್ ಕೊಂಡು ಬರುವ ಜನ, ಅವರಿಗೆ ತಕ್ಕಂತೆ ದೊಡ್ಡ ಸಭಾಂಗಣ, ಸಭಾಂಗಣ ತುಂಬಲು ನೂರು ವಾದ್ಯ.

ಇಷ್ಟನ್ನೂ ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಅವರು ಒಂದೊಂದು ಮೆಟ್ಟಿಲನ್ನೂ ನಮ್ಮ ಕೊರಳಿನಿಂದಲೇ ಹಾಡಿಸುತ್ತಿದ್ದರು. ಎರಡನೆಯ ದನಿ ಹುಟ್ಟುವ ಗಳಿಗೆಯಲ್ಲಿ ನಾನೂ ನಿಂತು ನೋಡಿದ ಹಾಗೆ ಆಗುತ್ತಿತ್ತು.

ಆಲ್ಟೊ ಸಾಲಿನಲ್ಲಿ ನನ್ನ ಪಕ್ಕ ಬೆಟ್ಟಿ ಎಂಬ ಹೆಂಗಸು. ಅದೇ ಸೀಮೆಯವಳು, ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡುವವಳು. ಮಾತು ಎಳೆದೆಳೆದು ಆಡುತ್ತಾಳೆ, ಎಲ್ಲರನ್ನೂ 'ಹನಿ', ಅಂದರೆ ಜೇನು, ಎಂದು ಕರೆಯುತ್ತಾಳೆ. ಸ್ವರ ತಪ್ಪಿದಾಗ ನನ್ನ ಬಾಯಿ ನೋಡಿ ತಿದ್ದಿಕೊಳ್ಳುತ್ತಿದ್ದಳು. ದಿನಾ ನನಗೆಂದು ಮುಸುಕಿನ ಜೋಳದ ರೊಟ್ಟಿಯ ತುಂಡು ತರುತ್ತಿದ್ದಳು. ಅವರ ಜೋಳದ ರೊಟ್ಟಿ ಕೇಕಿನ ಹಾಗೆ ಇರುತ್ತದೆ, ಅದನ್ನು ಉತ್ತರ ಕರ್ನಾಟಕದವರು ಕಂಡರೆ ಏನೆನ್ನುತ್ತಾರೋ.

ಮೊದಲ ಹಾಡು, ಅಂದರೆ ಸಂಜೆಯ ಲ್ಯಾಟಿನ್ ಸ್ತುತಿ, ಮಾತು ಕೊಟ್ಟಂತೆ ನನ್ನದಾಯಿತು. ಮೊದಲ ದಿನ ಹಾಡಿದಾಗ ಎಲ್ಲರೂ ಕೈಯಲ್ಲಿದ್ದ ಕಾಗದ ಕೆಳಗಿಟ್ಟು ಕೇಳಿದರು. ನನಗೆ ಜ್ವರ ಗಿರ ಬಂದರೆ ಇರಲಿ ಎಂದು ಟಾಡ್ ಎಂಬ ಯುವಕನನ್ನೂ ಕಲಿಯಲು ಹೇಳಿದರು. ಅವನು ನನ್ನ ಹತ್ತಿರವೇ ಬಂದು ಕಲಿತ. ಎತ್ತರದ ಹುಡುಗ, ಒಳ್ಳೆಯ ದನಿ, ಆದರೆ ಪ್ರತಿ ಸಾಲಿನ ಕೊನೆಯನ್ನೂ ಬಾಗಿಲು ಹಾಕಿದ ಹಾಗೆ ಹಾಕಿಬಿಡುತ್ತಿದ್ದ. ಕೊನೆಯನ್ನು ಕೆಳಗೆ ಇಡು, ಎಸೆಯಬೇಡ ಎಂದು ಮದರ್ ನನಗೆ ಹೇಳಿದ್ದನ್ನೇ ಅವನಿಗೆ ಹೇಳಿದೆ. ಬೇಗ ಕಲಿತ.

ಎರಡನೆಯ ವಾರದ ನಡುವೆ ಒಂದು ಮಧ್ಯಾಹ್ನ ಊಟವಾದ ಮೇಲೆ ಡಾಕ್ಟರ್ ಹಾರ್ಲನ್ ನನ್ನನ್ನು ತಮ್ಮ ಕೋಣೆಗೆ ಕರೆದರು. ಕುರ್ಚಿ ಎಳೆದು ಕೊಟ್ಟರು.

"ಸೆಲಿನ್, ಕಛೇರಿಯ ಆರಂಭದ ಬಗ್ಗೆ ಯೋಚಿಸುತ್ತಿದ್ದೆ. ಇನ್ನೂ ಹಿಂದಿನಿಂದ ಶುರುಮಾಡಿದರೆ? ಎಲ್ಲ ಸಂಗೀತದ ಬೇರು ಪೂರ್ವದಲ್ಲಿ ಅಲ್ಲವೇ? ನೀವು ಬಣ್ಣದ ರೇಷ್ಮೆ ಸೀರೆಯಲ್ಲಿ ಬಂದು ನಿಮ್ಮ ಸಂಪ್ರದಾಯದ್ದು ಏನಾದರೂ ಹಾಡಿ. ಒಂದು ರಾಗ. ಅಲ್ಲಿಂದ ಟಾಡ್‌ನ ಲ್ಯಾಟಿನ್ ಸ್ತುತಿಗೆ ಹೋಗುತ್ತೇವೆ."

"ಲ್ಯಾಟಿನ್ ಸ್ತುತಿಯೇ ನನ್ನ ಸಂಪ್ರದಾಯ, ಡಾಕ್ಟರ್."

"ಖಂಡಿತ, ನೀವು ಅದನ್ನು ಅದ್ಭುತವಾಗಿ ಕಲಿತಿದ್ದೀರಿ."

"ಕಲಿತದ್ದಲ್ಲ. ನಮ್ಮ ಅಜ್ಜ, ಮುತ್ತಜ್ಜ ಹಾಡಿದ್ದು. ನನಗೆ ರಾಗ ಬರುವುದಿಲ್ಲ. ಯಾರೂ ನನಗೆ ಕಲಿಸಿಲ್ಲ."

ಅವರು ನನ್ನ ಕೈ ಮೇಲೆ ಕೈಯಿಟ್ಟರು. "ಬರುವ ಜನ ಇಲ್ಲಿಯ ಊರುಗಳವರು. ವೇದಿಕೆಯ ಮೇಲೆ ಯುರೋಪಿನ ಮಠದ ಕಥೆ ಹೇಳುತ್ತಿರುವಾಗ ನಿಮ್ಮನ್ನು ನೋಡಿದರೆ ಅವರಿಗೆ ಗೊಂದಲವಾಗುತ್ತದೆ. ನಿಮಗೇ ಅನ್ಯಾಯವಾಗುತ್ತದೆ."

"ಈ ಊರಿಗೂ ಆ ಸಂಗೀತ ಹಡಗಿನಲ್ಲೇ ಬಂದದ್ದು," ಎಂದೆ. "ನಮ್ಮೂರಿಗೂ ಹಡಗಿನಲ್ಲೇ ಬಂತು. ನಿಮ್ಮ ಈ ಬೆಟ್ಟಗಳಿಗೆ ಬರುವ ಮೊದಲೇ ಮೈಸೂರು ಸೀಮೆಗೆ ಬಂದಿತ್ತು. ಟಾಡ್‌ನನ್ನು ನೋಡಿದರೆ ಆಗದ ಗೊಂದಲ ನನ್ನನ್ನು ನೋಡಿದರೆ ಯಾಕಾಗಬೇಕು?"

ಅವರು ನನ್ನ ಕೈ ಮೇಲಿಟ್ಟಿದ್ದ ಕೈ ತೆಗೆದರು. ಮುಖದಲ್ಲಿ ನಿಜವಾದ ನೋವಿತ್ತು. ಆಮೇಲೆ, "ಕರಪತ್ರ ಅಚ್ಚಾಗಿಬಿಟ್ಟಿದೆ," ಎಂದರು.

ಎದ್ದು ಹೋಗಿಬಿಡಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಆ ಬೆಟ್ಟದಲ್ಲಿ ಬಸ್ಸಿಲ್ಲ, ಕಾರಿಲ್ಲದವನಿಗೆ ಕಾಲೂ ಇಲ್ಲ. ಅದೂ ನಿಜವಾದ ಕಾರಣವಲ್ಲ. ಹಾಡಬೇಕೆಂದು ಬಂದವಳು ಹಾಡದೆ ಹೋಗಲು ನನಗೆ ಮನಸ್ಸು ಬರಲಿಲ್ಲ. ಹಾಡುತ್ತೇನೆ ಎಂದೆ. ಯಾವಾಗ ರಿಹರ್ಸಲ್ ಎಂದು ಕೇಳಿದೆ.

"ನಿಮ್ಮದು ಹಾಡುವ ಗಳಿಗೆಯಲ್ಲೇ ಹುಟ್ಟುವ ಸಂಗೀತ," ಎಂದರು ಅವರು, ಗೌರವದಿಂದ. "ರಿಹರ್ಸಲ್ ಮಾಡಿಸಿ ಅದನ್ನು ಕೆಡಿಸುವುದಿಲ್ಲ." ತಂಬೂರಿಯ ಒಂದು ಕ್ಯಾಸೆಟ್ ಕೊಟ್ಟರು.

ಕಛೇರಿಯ ಸಂಜೆ

ನಮ್ಮ ಅಪ್ಪ ಚರ್ಚಿನಲ್ಲಿ ಉಪದೇಶಿಯಾಗಿದ್ದರು, ಅಂದರೆ ಮಕ್ಕಳಿಗೆ ಧರ್ಮಪಾಠ ಹೇಳುವವರು. ಲ್ಯಾಟಿನ್ ಹೋಗುತ್ತದೆ ಎಂದು ಗೊತ್ತಾದ ವರ್ಷ ಅವರು ಮನೆಯ ಜಗುಲಿಯಲ್ಲಿ ಕೂತು, ನಾನು ಟಾಡ್‌ಗೆ ಕಲಿಸಿದ ಅದೇ ಸಂಜೆಯ ಸ್ತುತಿಗೆ ಕನ್ನಡದ ಮಾತು ಹೊಂದಿಸಿದರು. ಭಾಷೆ ಹೋದರೆ ಹೋಗಲಿ, ರಾಗ ಉಳಿಯಲಿ ಎಂಬ ಆಸೆ. 'ಬೆಳಕಿಳಿವ ಹೊತ್ತಾಯ್ತು ತಾಯೆ, ಬಾಗಿಲ ತೆರೆ' ಎಂದು ಅದರ ಮೊದಲ ಸಾಲು. ಒಂದು ಸ್ವರವನ್ನೂ ಅವರು ಕದಲಿಸಿರಲಿಲ್ಲ. ನಮ್ಮ ಕೇರಿಯಲ್ಲಿ ಮುದುಕಿಯರು ಅದನ್ನು ಈಗಲೂ ಹಾಡುತ್ತಾರೆ.

ನಾನು ಅದನ್ನೇ ಹಾಡುವುದೆಂದು ನಿಶ್ಚಯಿಸಿದೆ. ಲ್ಯಾಟಿನ್ ಸ್ತುತಿ ನನ್ನದು ಎಂದು ಮಾತಿನಲ್ಲಿ ಹೇಳಿದರೆ ತಿಳಿಯದವರಿಗೆ ಹಾಡಿದರೆ ತಿಳಿದೀತು. ನನ್ನ ಬೆನ್ನಿಗೇ ಟಾಡ್ ಅದೇ ರಾಗವನ್ನು ಲ್ಯಾಟಿನ್ನಿನಲ್ಲಿ ಹಾಡಲಿದ್ದಾನೆ. ಕಿವಿಯಿರುವ ಯಾರಿಗಾದರೂ ಗೊತ್ತಾಗಲೇಬೇಕು. ಡಾಕ್ಟರ್ ಹಾರ್ಲನ್ ಅವರಿಗೆ ಮೂರನೆಯ ಸ್ವರಕ್ಕೇ ಗೊತ್ತಾಗುತ್ತದೆ ಎಂದುಕೊಂಡೆ. ನಾಚಿಕೆಪಡಲಿ ಎಂಬ ಆಸೆಯೂ ಇತ್ತು, ಮುಚ್ಚಿಡುವುದೇಕೆ.

ಎಲ್ಲರೂ ಕಪ್ಪು ಬಟ್ಟೆ. ನಾನೂ ಮೈಸೂರಿನಿಂದಲೇ ಕಪ್ಪು ಸೀರೆ ತಂದಿದ್ದೆ. ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಈಸ್ಟರ್ ಹಬ್ಬಕ್ಕೆ ಉಡುವ ಕೆಂಪು ಮೈಸೂರು ರೇಷ್ಮೆ ಉಟ್ಟೆ. ಸಭಾಂಗಣ ತುಂಬಿತ್ತು. ಪೂರ್ವದ ಪುರಾತನ ರಾಗದಿಂದ ನಮ್ಮ ಪಯಣ ಆರಂಭವಾಗುತ್ತದೆ ಎಂದು ಒಬ್ಬರು ಓದಿದರು. ತಂಬೂರಿಯ ಕ್ಯಾಸೆಟ್ ಹಾಕಿದರು. ನಾನು ನಿಂತು ಹಾಡಿದೆ. ಗಮಕ ಹಾಕಲು ನನಗೆ ಬರುವುದಿಲ್ಲ, ಹಾಕಲೂ ಇಲ್ಲ. ಸ್ವರಕ್ಕೆ ಸ್ವರ ಅದೇ ಹಾಡು. ಪ್ರತಿ ಸಾಲಿನ ಕೊನೆಯನ್ನೂ ಕೆಳಗಿಟ್ಟೆ.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಕೆಲವರು ಎದ್ದು ನಿಂತರು, ಒಂದಿಬ್ಬರು ಕೈ ಮುಗಿದರು.

ನಾನು ಪರದೆಯ ಮರೆಗೆ ಬಂದೆ. ದೀಪ ಕಡಿಮೆಯಾಯಿತು. ಟಾಡ್ ಮೇಣದ ಬತ್ತಿ ಹಿಡಿದು ನಡೆದು ಬಂದು ಅದೇ ಹಾಡನ್ನು ಹಾಡಿದ. ಚೆನ್ನಾಗಿಯೇ ಹಾಡಿದ. ನಾನು ಸಭೆಯ ಮುಖಗಳನ್ನು ನೋಡುತ್ತಿದ್ದೆ. ಯಾರಾದರೂ ಪಕ್ಕದವರ ಕಡೆ ತಿರುಗುತ್ತಾರೇನೋ, ಹುಬ್ಬು ಏರಿಸುತ್ತಾರೇನೋ ಎಂದು. ಯಾರೂ ಅಲುಗಲಿಲ್ಲ. ವೇದಿಕೆಯ ಆಚೆ ಬದಿಯಲ್ಲಿ ಡಾಕ್ಟರ್ ಹಾರ್ಲನ್ ಕಣ್ಣು ಮುಚ್ಚಿ ನಿಂತಿದ್ದರು. ಮುಖದಲ್ಲಿ ಪೂರ್ಣ ತೃಪ್ತಿ.

ಆಮೇಲೆ ಎರಡು ದನಿ, ನಾಲ್ಕು ದನಿ, ಎಲ್ಲವೂ ಕ್ರಮವಾಗಿ ನಡೆಯಿತು. ಕೊನೆಯ ಹಾಡಿಗೆ ಎಲ್ಲರೂ ವೇದಿಕೆ ಹತ್ತುವುದಿತ್ತು. ಕೆಂಪು ಸೀರೆ ಕಪ್ಪಿನ ಮಧ್ಯೆ ಕಣ್ಣಿಗೆ ಹೊಡೆಯುತ್ತದೆ, ನೀವು ಅಲ್ಲೇ ಇರಿ ಎಂದು ವ್ಯವಸ್ಥೆ ನೋಡುತ್ತಿದ್ದ ಹೆಂಗಸು ಹೇಳಿದಳು. ಆಲ್ಟೊ ಸಾಲಿನಲ್ಲಿ ನನ್ನ ಜಾಗ ಖಾಲಿ ಇತ್ತು. ಬೆಟ್ಟಿ ಅರ್ಧ ಹೆಜ್ಜೆ ಸರಿದಳು, ಆಚೆಯವಳು ಅರ್ಧ ಹೆಜ್ಜೆ ಸರಿದಳು, ಸಾಲು ಕೂಡಿಕೊಂಡಿತು. ನಾನು ಹಗ್ಗ, ಏಣಿಗಳ ಮಧ್ಯೆ ನಿಂತು ನನ್ನ ಭಾಗವನ್ನು ಕೊನೆಯವರೆಗೂ ಹಾಡಿದೆ. ಸಣ್ಣ ದನಿಯಲ್ಲಿ ಹಾಡಿದ್ದು, ನನಗೇ ಕೇಳಿಸಲಿಲ್ಲ.

ಮುಗಿದ ಮೇಲೆ ಹಜಾರದಲ್ಲಿ ಕಾಫಿ, ಬಿಸ್ಕತ್ತು. ಡಾಕ್ಟರ್ ಹಾರ್ಲನ್ ನನ್ನನ್ನು ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ರಾಗ ಬರುವುದಿಲ್ಲ ಎಂದಿರಲ್ಲ ಸೆಲಿನ್. ಆ ರಾಗದ ಹೆಸರೇನು?"

"ಟಾಡ್ ಹಾಡಿದನಲ್ಲ, ಅದೇ," ಎಂದೆ. "ಎರಡೂ ಒಂದೇ ಹಾಡು."

ಅವರು ತಲೆ ಹಿಂದಕ್ಕೆ ಹಾಕಿ ಸಂತೋಷದಿಂದ ನಕ್ಕರು. "ನಿಜ. ಎಷ್ಟು ಚೆನ್ನಾಗಿ ಹೇಳಿದಿರಿ. ಕೊನೆಗೆ ಎಲ್ಲ ಸಂಗೀತವೂ ಒಂದೇ," ಎಂದು ನನ್ನ ಭುಜ ತಟ್ಟಿದರು. ಅಷ್ಟರಲ್ಲಿ ಯಾರೋ ಕರೆದರು, ಹೋದರು.

ಬೆಟ್ಟಿ ಕಾಫಿ ಲೋಟ ಹಿಡಿದು ಪಕ್ಕಕ್ಕೆ ಬಂದು ನನ್ನ ಸೆರಗಿನ ಜರಿ ಮುಟ್ಟಿ ನೋಡಿದಳು. "ಹನಿ, ನನಗೆ ನಿನ್ನ ಆ ಹಾಡಿನ ಒಂದು ಸಾಲಾದರೂ ಹೇಳಿಕೊಡು. ಮನೆಗೆ ತೆಗೆದುಕೊಂಡು ಹೋಗುತ್ತೇನೆ," ಎಂದಳು.

ಕಾಫಿಯ ಮೇಜಿನ ಪಕ್ಕದಲ್ಲಿ ನಿಂತೇ ಮೊದಲ ಸಾಲನ್ನು ಬರೇ 'ಆ' ಎಂದು ಹಾಡಿ ತೋರಿಸಿದೆ. ಎರಡು ವಾರ ದಿನಾ ಅಭ್ಯಾಸದ ಕೋಣೆಯಲ್ಲಿ ಅವಳು ಕೇಳಿದ ಸಾಲು ಅದು. ಅವಳು ಕಣ್ಣು ಮುಚ್ಚಿ ಪ್ರಯತ್ನಿಸಿದಳು. ಮೂರು ಸ್ವರ ಹೋಗಿ ನಿಂತಳು. ಮತ್ತೊಮ್ಮೆ ಹಾಡಿದೆ. ಮತ್ತೆ ನಿಂತಳು.

"ಇಲ್ಲ ಹನಿ," ಎಂದಳು, ತಲೆ ಅಲ್ಲಾಡಿಸುತ್ತ. "ಇದು ನಮ್ಮಂಥವರಿಗೆ ಬರುವುದಲ್ಲ. ಇದು ರಕ್ತದಲ್ಲೇ ಬಂದಿರಬೇಕು."